ಬಳೆಯ ಅಳತೆ, ಚಕ್ರದ ಅಳತೆ

ಬಳೆಗಾರರು ಕೈಯನ್ನು ಒಮ್ಮೆ ಅಮುಕಿ ನೋಡಿ ‘ಎರಡು ನಾಲ್ಕು’ ಎಂದೋ ‘ಎರಡು ಆರು’ ಎಂದೋ ಹೇಳಿಬಿಡುತ್ತಾರೆ. ಚೆಂದ ಕಂಡಿತೆಂದು ಅಳತೆ ಮರೆತು ಕೊಂಡರೆ ಒಂದೋ ಕೈಗೆ ಗಾಯ, ಇಲ್ಲವೇ ಪಾತ್ರೆ ತೊಳೆಯುವಾಗ ಬಳೆ ಜಾರಿ ಚೂರು. ಕಾರಿನ ಟೈರಿಗೂ ಇಂಥದೇ ಲೆಕ್ಕವಿದೆಯೆಂದು ನನಗೆ ತಿಳಿದದ್ದು 2018ರಲ್ಲಿ, ಮಗಳ ಬಾಣಂತನಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದಾಗ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಷೆಡ್ಡಿನಲ್ಲಿ 1967ರ ಪೋರ್ಷೆ 911, ಎರಡು ಬಾಗಿಲಿನ ಆ ವೇಗದ ಕಾರು, ಧೂಳು ಹೊದ್ದು ನಿಂತಿತ್ತು. ಗಂಡನಿರುವ ತನಕ ಆಕೆ ಅದನ್ನು ಮುಟ್ಟಿದವರಲ್ಲ. ಈಗ ತಾವೇ ಓಡಿಸಬೇಕೆಂಬ ಆಸೆ. ಅದಕ್ಕೆ ಹೊಸ ಟೈರು ಬೇಕು. ಮಗ, ‘ಅಗಲದ್ದು ಹಾಕಿಸಮ್ಮ, ನೆಲ ಹಿಡಿಯುತ್ತೆ’ ಎನ್ನುತ್ತಿದ್ದ. ಅಂಗಡಿಯವನು ಅಗ್ಗದ 195/65 ತೋರಿಸಿದ್ದ. ಆಕೆ ಮಾತ್ರ ಹಳೆಯ ಕಾಗದಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದರು. ಮಗು ಮಲಗಿದಾಗ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಆಕೆ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳುತ್ತಿದ್ದಳು.

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದದ್ದು 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್. ಮಗನ ಮೂರು ಚಕ್ರದ ಸೈಕಲ್ಲಿಗೆಂದು. ಆಮೇಲೆ ಬಹುಕಾಲ ಟೈರಿನೊಳಗಿನ ನೂಲು ಓರೆಯಾಗಿ ಒಂದರ ಮೇಲೊಂದು ಹಾಯುತ್ತಿತ್ತು, ಅಳತೆಯೆಲ್ಲ ಇಂಚಿನಲ್ಲಿ. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಇದರಲ್ಲಿ ನೂಲು ನೇರ ಅಡ್ಡಕ್ಕೆ, ಮೇಲೆ ಸುತ್ತಲೂ ಉಕ್ಕಿನ ಪಟ್ಟಿ. ರೇಡಿಯಲ್ ಬಂದಮೇಲೆ ಟೈರಿನ ಅಗಲ ಮಿಲಿಮೀಟರಿಗೆ ಬದಲಾಯಿತು, ರಿಮ್ಮು ಮಾತ್ರ ಇಂಚಿನಲ್ಲೇ ಉಳಿಯಿತು. ‘165 ಎಚ್‌ಆರ್ 15’ ಎಂದರೆ 165 ಮಿಲಿಮೀಟರ್ ಅಗಲ, 15 ಇಂಚಿನ ರಿಮ್ಮು. ‘ಎಚ್’ ಗಂಟೆಗೆ 210 ಕಿಲೋಮೀಟರ್ ತಾಳುವ ಗುರುತು, ‘ಆರ್’ ರೇಡಿಯಲ್ಲಿನದು. ಮುಂದೆ ‘70’ರಂಥ ಇನ್ನೊಂದು ಅಂಕಿ ಸೇರಿತು: ಟೈರಿನ ಪಕ್ಕದ ಎತ್ತರ ಅಗಲದಲ್ಲಿ ಶೇಕಡಾ ಎಷ್ಟು ಎಂದು.

911 ಮೊದಲು ಕಾಣಿಸಿಕೊಂಡದ್ದು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಎಂಜಿನ್ನು ಹಿಂದೆ, ನಾಲ್ಕೂವರೆ ಇಂಚು ಅಗಲದ ರಿಮ್ಮು, ಅದಕ್ಕೆ 165ರ ಟೈರು. ತಿರುವಿನಲ್ಲಿ ಚಾಲಕ ಹೆದರಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಬಾಲ ಹೊರಕ್ಕೆ ಬೀಸುತ್ತಿತ್ತು. ಭಾರ ಸರಿದೂಗಲೆಂದು ಕಂಪನಿಯವರು ಮುಂದಿನ ಬಂಪರಿನ ಒಳಮೂಲೆಗಳಲ್ಲಿ ಕಬ್ಬಿಣದ ತೂಕ ಇಟ್ಟಿದ್ದೂ ಉಂಟು! 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಹೆಚ್ಚು ಶಕ್ತಿಯ ಕಾರುಗಳಿಗೆ ಆರಿಂಚಿನ ರಿಮ್ಮು, 185/70 ಟೈರು ಬಂತು. 1973ರ ಕರೇರಾ ಆರ್‌ಎಸ್‌ಗೆ ಹಿಂದೆ ಏಳಿಂಚಿನ ರಿಮ್ಮು, 215/60, ಮಡ್‌ಗಾರ್ಡನ್ನೂ ಉಬ್ಬಿಸಿದರು.

‘ನೋಡಿ, ಅವರು ಟೈರೊಂದನ್ನೇ ಹಿಗ್ಗಿಸಲಿಲ್ಲ’ ಎಂದರು ಆಕೆ. ಅವರ ಕಾರಿನಲ್ಲಿ ನಾಲ್ಕೂವರೆ ಇಂಚಿನ ರಿಮ್ಮೇ ಇತ್ತು. 195ಕ್ಕೆ ಕನಿಷ್ಠ ಐದೂವರೆ ಬೇಕು. ಕಿರಿದಾದ ರಿಮ್ಮಿಗೆ ಏರಿಸಿದರೆ ಪಕ್ಕಗಳು ಉಬ್ಬಿ ತಿರುವಿನಲ್ಲಿ ಹೊಯ್ದಾಡುತ್ತವೆ. ನೆಲ ಹಿಡಿಯಲೆಂದು ಹಾಕಿದ್ದೇ ನೆಲ ಬಿಡಿಸುತ್ತದೆ.

ಹಳೆಯ ಟೈರುಗಳ ಗೆರೆಗಳೇನೋ ಆಳವಾಗಿಯೇ ಇದ್ದವು. ಇವೇ ಸಾಲದೇ ಎಂದೆ. ಆಕೆ ಬಗ್ಗಿ ಪಕ್ಕದ ಅಂಕಿ ತೋರಿಸಿದರು: 1202. ಅಂದರೆ 2002ರ ಹನ್ನೆರಡನೆಯ ವಾರ ತಯಾರಾದದ್ದು. ಮುಟ್ಟಿ ನೋಡಿದೆ, ಕುಕ್ಕರಿನ ಹಳೆಯ ರಬ್ಬರಿನ ಹಾಗೆ ಗಟ್ಟಿಯಾಗಿತ್ತು.

ಹಳೆಯ ಕಾರುಗಳಿಗೆಂದೇ ಹಳೆಯ ಅಳತೆಯಲ್ಲಿ ಮಾಡುವ ಟೈರುಗಳಿವೆ, ಬೆಲೆ ಹೆಚ್ಚು. ಆಕೆ 165ನ್ನೇ ತರಿಸಿದರು. ‘ಅಪ್ಪ ಇದ್ದಿದ್ದರೆ ಅಗಲದ್ದೇ ಹಾಕಿಸುತ್ತಿದ್ದರು’ ಎಂದು ಮಗ ಮುಖ ಊದಿಸಿಕೊಂಡ. ‘ಅಪ್ಪ ಅಲ್ಲ, ಓಡಿಸುವವಳು ನಾನು’ ಎಂದರು ತಾಯಿ.

ನಾನು ಊರಿಗೆ ಹೊರಡುವ ಹಿಂದಿನ ದಿನ ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡದ ರಸ್ತೆಗೆ ಹೊರಟರು. ಮೊದಲ ತಿರುವಿನಲ್ಲೇ ನಾನು ಬಾಗಿಲನ್ನು ಬಿಗಿಯಾಗಿ ಹಿಡಿದೆ, ಬಳೆಗಳು ಕಿಣಿಗುಟ್ಟಿದವು. ಆಕೆ ತಿರುವಿಗೆ ಮೊದಲೇ ವೇಗ ಇಳಿಸಿದ್ದರು. ಒಳಗೆ ಹೋದಮೇಲೆ ಕಾಲು ಅಲುಗಿಸಲಿಲ್ಲ.