ಮೇ ರೀವ್ಸ್‌ರ ಟೋಪಿ ಅಂಗಡಿ

ಅಮೆರಿಕದ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಟೋಪಿಯೊಂದನ್ನು ತಲೆಗಿಟ್ಟು ನೋಡಿ ಕೊಳ್ಳುವುದು ಬಿಳಿಯ ಹೆಂಗಸರಿಗೆ ಮಾತ್ರ ಸಲ್ಲುತ್ತಿದ್ದ ಕಾಲವೊಂದಿತ್ತು. ಎಷ್ಟೋ ಕಡೆ ಕಪ್ಪು ಹೆಂಗಸು ದುಡ್ಡು ಕೊಟ್ಟು ಟೋಪಿ ಒಯ್ಯಬಹುದಿತ್ತು, ಆದರೆ ಅದನ್ನು ಇಟ್ಟುಕೊಂಡು ಕನ್ನಡಿಯ ಮುಂದೆ ನಿಲ್ಲುವಂತಿರಲಿಲ್ಲ. ಅವಳ ತಲೆ ತಾಗಿದ ಟೋಪಿಯನ್ನು ಇನ್ನೊಬ್ಬರು ಕೊಳ್ಳುವುದಿಲ್ಲ ಎಂಬುದು ವ್ಯಾಪಾರಿಗಳ ಸಬೂಬು. ನಮ್ಮ ನಾಡಿನಲ್ಲಿ ಇದಕ್ಕೆ ಮೈಲಿಗೆ ಎಂಬ ಹೆಸರಿದೆ.

ಇಂಥ ಕಾಲದಲ್ಲಿ, 1940ರಲ್ಲಿ, ಮೇ ರೀವ್ಸ್ ಎಂಬ ಕಪ್ಪು ತರುಣಿ ಫಿಲಡೆಲ್ಫಿಯಾ ನಗರದ ಸೌತ್ ಸ್ಟ್ರೀಟ್‌ನಲ್ಲಿ ಸ್ವಂತ ಟೋಪಿ ಅಂಗಡಿ ತೆರೆದರು. ಅವರು ಹುಟ್ಟಿದ್ದು 1912ರಲ್ಲಿ, ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ. ಅಲ್ಲಿ ಶಾಲೆಯಲ್ಲಿ ಪಾಠ ಹೇಳಿದರು, ಕರಿಯರ ಪತ್ರಿಕೆಯೊಂದಕ್ಕೆ ಬರೆದರು, ಷಿಕಾಗೊಕ್ಕೆ ಹೋಗಿ ಟೋಪಿ ತಯಾರಿಕೆ ಕಲಿತರು. ಆಮೇಲೆ ಉದ್ಯೋಗ ಅರಸಿ ಉತ್ತರಕ್ಕೆ ಹೊರಟ ಲಕ್ಷಾಂತರ ಕರಿಯರಂತೆ ಅವರೂ ಫಿಲಡೆಲ್ಫಿಯಾ ಸೇರಿದರು.

ಅಂಗಡಿಗೆ ಬಂಡವಾಳವಾದದ್ದು 500 ಡಾಲರ್ ಸಾಲ. ಆ ಸಾಲ ಕೊಟ್ಟ ಬ್ಯಾಂಕಿನ ಕಥೆಯನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬಾರದು. ಅದನ್ನು ಸ್ಥಾಪಿಸಿದವರು ರಿಚರ್ಡ್ ರೈಟ್. 1855ರಲ್ಲಿ ಗುಲಾಮರ ಮಗುವಾಗಿ ಹುಟ್ಟಿ, ಮುಂದೆ ಕಾಲೇಜಿನ ಮುಖ್ಯಸ್ಥರಾಗಿ, ಇತರರು ಮೊಮ್ಮಕ್ಕಳೊಡನೆ ಕಾಲ ಕಳೆಯುವ ವಯಸ್ಸಿನಲ್ಲಿ ಅವರು ಈ ಬ್ಯಾಂಕನ್ನು ಕಟ್ಟಿದರು. ಗುಲಾಮಗಿರಿಯಲ್ಲಿ ಕಣ್ಣು ಬಿಟ್ಟ ಮನುಷ್ಯ ಕಟ್ಟಿದ ಬ್ಯಾಂಕಿನಿಂದ ಹೊರಟ ಹಣ ಒಬ್ಬ ಹೆಣ್ಣುಮಗಳ ಟೋಪಿ ಅಂಗಡಿಯಾಯಿತು.

ಟೋಪಿ ಮಾಡುವುದು ಹಗುರವಾದ ಕೆಲಸವಲ್ಲ. ಉಣ್ಣೆಯ ಫೆಲ್ಟನ್ನೋ ಹುಲ್ಲಿನ ಹೆಣಿಗೆಯನ್ನೋ ಹಬೆಗೆ ಹಿಡಿದು ಮೆದುಮಾಡಿ, ತಲೆಯಾಕಾರದ ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ, ಒಣಗಿದ ಬಳಿಕ ಅಂಚು ಕತ್ತರಿಸಿ ಹೊಲಿಯಬೇಕು. ರಿಬ್ಬನ್, ಹೂವು, ಗರಿ, ಮುಖದ ಮೇಲಿಳಿಯುವ ಬಲೆ ಇವೆಲ್ಲ ಆಮೇಲೆ. ಸಾಮಗ್ರಿಗಾಗಿ ರೀವ್ಸ್ ನ್ಯೂಯಾರ್ಕಿಗೂ ಪ್ಯಾರಿಸ್ಸಿಗೂ ಹೋಗುತ್ತಿದ್ದರು. ನೋಡುವವರ ಕಣ್ಣು ಸೆರೆಹಿಡಿಯುವಂಥ ತಮ್ಮ ಟೋಪಿಗಳನ್ನು ಅವರು ‘ಷೋ ಸ್ಟಾಪರ್’ ಎನ್ನುತ್ತಿದ್ದರು. ಜಂಬವೆಂದರೆ ಜಂಬ, ಆದರೆ ಗಳಿಸಿಕೊಂಡ ಜಂಬ!

ಗಾಯಕಿಯರಾದ ಎಲಾ ಫಿಟ್ಸ್‌ಜೆರಾಲ್ಡ್, ಲೀನಾ ಹಾರ್ನ್ ಅವರ ಗಿರಾಕಿಗಳು. ಮರಿಯನ್ ಆಂಡರ್ಸನ್ ಕೂಡ. ಬಣ್ಣದ ಕಾರಣಕ್ಕೆ ವಾಷಿಂಗ್ಟನ್ನಿನ ಸಭಾಂಗಣವೊಂದು ಬಾಗಿಲು ಮುಚ್ಚಿದಾಗ, 1939ರಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು 75,000 ಜನರೆದುರು ಹಾಡಿದವರು ಈಕೆ. ಇಂಥವರ ಜೊತೆಗೇ ಶ್ರೀಮಂತ ಬಿಳಿಯ ಹೆಂಗಸರೂ ಅಂಗಡಿಗೆ ಬರುತ್ತಿದ್ದರು.

ಆದರೆ ಅಂಗಡಿಯನ್ನು ನಡೆಸಿದ್ದು ಭಾನುವಾರ ಚರ್ಚಿಗೆ ಹೋಗುವ ಸಾಧಾರಣ ಹೆಂಗಸರೆಂದೇ ನಮ್ಮ ಎಣಿಕೆ. ಪ್ರಾರ್ಥನೆಯ ಹೊತ್ತಿಗೆ ಹೆಣ್ಣು ತಲೆ ಮುಚ್ಚಬೇಕೆಂಬ ಸಂತ ಪೌಲನ ಮಾತು ಬೈಬಲಿನಲ್ಲಿದೆ. ನಮಾಜಿಗೆ ಮುನ್ನ ದುಪಟ್ಟಾ ಸರಿಪಡಿಸಿಕೊಳ್ಳುವ ನಮ್ಮ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ವಾರವಿಡೀ ಬೇರೆಯವರ ಮನೆಯಲ್ಲಿ ಪಾತ್ರೆ ತಿಕ್ಕಿ ಬಟ್ಟೆ ಒಗೆದವಳು ಭಾನುವಾರ ಟೋಪಿ ತೊಟ್ಟು ದೇವರ ಮನೆಗೆ ಹೊರಟರೆ, ಅದು ವಿನಯವೂ ಹೌದು, ಠೀವಿಯೂ ಹೌದು. ಕೂಲಿಯ ಹಣದಲ್ಲಿ ಇಂಥ ದುಬಾರಿ ಶೋಕಿ ಏಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಸಿರಿವಂತರ ಟೋಪಿಯ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು.

1953ರಲ್ಲಿ ಅಂಗಡಿ ನಗರದ ಪಶ್ಚಿಮ ಭಾಗಕ್ಕೆ ಹೋಯಿತು. ಚುನಾವಣೆ ಬಂದರೆ ಅದೇ ಮತಗಟ್ಟೆಯೂ ಆಗುತ್ತಿತ್ತು. 1960ರ ದಶಕದ ಬಳಿಕ ಟೋಪಿಯ ಹುಚ್ಚು ಇಳಿಯಿತು, ಎಷ್ಟೋ ಅಂಗಡಿಗಳು ಮುಚ್ಚಿದವು. ಕರಿಯರ ಚರ್ಚುಗಳಲ್ಲಿ ಮಾತ್ರ ಟೋಪಿ ಉಳಿಯಿತು, ರೀವ್ಸ್ ಕೂಡ ಉಳಿದರು. ಅವರು ಅಂಗಡಿ ಮುಚ್ಚಿದ್ದು 1997ರಲ್ಲಿ, ಎಂಬತ್ತು ದಾಟಿದ ಮೇಲೆ.

ಒಳಗಿನ ಸಾಮಾನು ವರ್ಷಗಟ್ಟಲೆ ಇದ್ದಲ್ಲೇ ಇತ್ತು. ಕೊನೆಗೆ ಸ್ಮಿತ್‌ಸೋನಿಯನ್ ಸಂಸ್ಥೆಯವರು ಬಂದು ಟೋಪಿಗಳನ್ನೂ ಪೀಠೋಪಕರಣಗಳನ್ನೂ ನಾಮಫಲಕವನ್ನೂ ಒಯ್ದರು. 2016ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಆಫ್ರಿಕನ್ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯ ತೆರೆದಾಗ ಅಂಗಡಿಯ ಒಂದು ಭಾಗವನ್ನು ಅಲ್ಲಿ ಮತ್ತೆ ಜೋಡಿಸಿಡಲಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, 104ರ ವಯಸ್ಸಿನಲ್ಲಿ, ಮೇ ರೀವ್ಸ್ ತೀರಿಕೊಂಡರು.