ಮತ ದೊರೆತರೂ ಪೀಠ ದೊರೆಯಲಿಲ್ಲ: ಇಂಡಿಯಾನಾ, 1886

ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ಲೆಫ್ಟಿನೆಂಟ್ ಗವರ್ನರ್ ಎಂಬುದು ಕೇಂದ್ರದ ನೇಮಕದಿಂದ ಬರುವ ಪದವಿಯಾಗಿರಲಿಲ್ಲ. ಇಂಡಿಯಾನಾ ರಾಜ್ಯದಲ್ಲಿ ಆತನನ್ನು ಮತದಾರರೇ ಆರಿಸುತ್ತಿದ್ದರು. ರಾಜ್ಯದ ಸೆನೆಟ್ಟಿನ ಅಧ್ಯಕ್ಷತೆ ವಹಿಸುವುದು, ಗವರ್ನರನ ಸ್ಥಾನ ತೆರವಾದರೆ ಅದನ್ನು ತುಂಬುವುದು ಆತನ ಮುಖ್ಯ ಕರ್ತವ್ಯಗಳು. ನಿತ್ಯದ ಆಡಳಿತದಲ್ಲಿ ಅಲ್ಪವೆನಿಸುವ ಈ ಪದವಿಯೇ 1886ರಲ್ಲಿ ಇಡೀ ರಾಜ್ಯವನ್ನು ಕಲಕಿತು.

1884ರಲ್ಲಿ ಡೆಮಾಕ್ರಟಿಕ್ ಪಕ್ಷದ ಐಸಾಕ್ ಗ್ರೇ ಗವರ್ನರನಾಗಿಯೂ ಮಹ್ಲಾನ್ ಮ್ಯಾನ್ಸನ್ ಲೆಫ್ಟಿನೆಂಟ್ ಗವರ್ನರನಾಗಿಯೂ ಆಯ್ಕೆಯಾಗಿದ್ದರು. ಎರಡು ವರ್ಷಗಳ ತರುವಾಯ ಮ್ಯಾನ್ಸನ್ ಕೇಂದ್ರದ ಕಂದಾಯ ಇಲಾಖೆಯ ಹುದ್ದೆಗಾಗಿ ರಾಜೀನಾಮೆ ನೀಡಿದನು. ಇತ್ತ ಗ್ರೇ ಅಮೆರಿಕೆಯ ಸೆನೆಟ್ಟಿನ ಸದಸ್ಯತ್ವವನ್ನು ಬಯಸಿದ್ದನು. ಆ ಸದಸ್ಯರನ್ನು ಆಗ ಆರಿಸುತ್ತಿದ್ದವರು ಜನರಲ್ಲ, ರಾಜ್ಯದ ಶಾಸಕರು. ಗ್ರೇ ವಾಷಿಂಗ್ಟನ್ನಿಗೆ ತೆರಳಿದರೆ ರಾಜ್ಯದ ಅಧಿಕಾರ ಯಾರ ಕೈಸೇರುವುದೆಂಬ ಪ್ರಶ್ನೆಯಿಂದಾಗಿ ತೆರವಾದ ಪದವಿಗೆ ಹೊಸ ಬೆಲೆ ಬಂದಿತು.

ಅವಧಿಯ ನಡುವೆ ಈ ಪದವಿಗೆ ಚುನಾವಣೆ ನಡೆಸಲು ಸಂವಿಧಾನದಲ್ಲಿ ಅವಕಾಶವಿದೆಯೆ ಎಂಬ ಸಂದೇಹವಿದ್ದರೂ ಎರಡೂ ಪಕ್ಷಗಳು ಕಣಕ್ಕಿಳಿದವು. ನವೆಂಬರಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಬರ್ಟ್ ರಾಬರ್ಟ್‌ಸನ್ ಡೆಮಾಕ್ರಟಿಕ್ ಪಕ್ಷದ ಜಾನ್ ನೆಲ್ಸನ್‌ನನ್ನು ಸೋಲಿಸಿದನು. ಕೆಳಮನೆಯಲ್ಲಿ ರಿಪಬ್ಲಿಕನ್ನರಿಗೂ ರಾಜ್ಯದ ಸೆನೆಟ್ಟಿನಲ್ಲಿ ಡೆಮಾಕ್ರಟರಿಗೂ ಬಹುಮತವಿತ್ತು. ತಾವೇ ಸ್ಪರ್ಧಿಸಿದ್ದ ಚುನಾವಣೆಯನ್ನು ಡೆಮಾಕ್ರಟರು ಸೋತ ಮೇಲೆ ಅಸಿಂಧುವೆಂದರು. ಅಲೋಂಜೊ ಸ್ಮಿತ್‌ನನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿದರು. ವಿವಾದವು ನ್ಯಾಯಾಲಯದ ಮೆಟ್ಟಿಲೇರಿದರೂ ಅಲ್ಲಿ ಬಗೆಹರಿಯಲಿಲ್ಲ.

1887ರ ಫೆಬ್ರುವರಿ 24ರಂದು ರಾಬರ್ಟ್‌ಸನ್ ಪೀಠವೇರಲು ಹೋದಾಗ ಆತನನ್ನು ಹಿಡಿದೆಳೆದು ಸಭಾಂಗಣದಿಂದ ಹೊರದೂಡಲಾಯಿತು. ಹೊಡೆದಾಟ ಶಾಸನಭವನದಲ್ಲೆಲ್ಲ ಹಬ್ಬಿತು. ಗುಂಡಿನ ಸದ್ದೂ ಕೇಳಿತು. ಕಡೆಗೆ ಪೊಲೀಸರು ಬರಬೇಕಾಯಿತು. ಬಳಿಕ ಕೆಳಮನೆಯು ಸೆನೆಟ್ಟಿನೊಡನೆ ವ್ಯವಹರಿಸಲು ನಿರಾಕರಿಸಿತು, ಶಾಸನಕಾರ್ಯ ಸ್ತಬ್ಧವಾಯಿತು.

ಗ್ರೇ ಬಯಸಿದ ಸ್ಥಾನ ಆತನಿಗೂ ದಕ್ಕಲಿಲ್ಲ. ಅದೇ ತಿಂಗಳ ಆರಂಭದಲ್ಲಿ ಶಾಸಕರು ಡೇವಿಡ್ ಟರ್ಪಿಯನ್ನು ಆರಿಸಿದ್ದರು. ಆಗ ಸೋತ ಬೆಂಜಮಿನ್ ಹ್ಯಾರಿಸನ್ 1889ರಲ್ಲಿ ರಾಷ್ಟ್ರಾಧ್ಯಕ್ಷನಾದನು.

ಈ ಕಲಹವನ್ನು ಕೇವಲ ಪುಂಡಾಟವೆಂದು ತಳ್ಳಿಹಾಕಲಾಗದು. ಮತಗಳನ್ನು ಎಣಿಸುವ ವ್ಯವಸ್ಥೆ ಅಲ್ಲಿತ್ತು. ಎಣಿಕೆಯ ಫಲವನ್ನು ಸೋತವರೂ ಒಪ್ಪುವಂತೆ ಮಾಡುವ ವ್ಯವಸ್ಥೆ ಇರಲಿಲ್ಲ. ಶಾಸಕರ ಕೈಯಲ್ಲಿದ್ದ ಸೆನೆಟ್ ಸದಸ್ಯರ ಆಯ್ಕೆಯೇ ಇಂತಹ ಪೈಪೋಟಿಯ ಮೂಲವೆಂಬ ಅರಿವು ಅಮೆರಿಕೆಯಲ್ಲಿ ಬೆಳೆಯುತ್ತ ಹೋಯಿತು. 1913ರ ಹದಿನೇಳನೆಯ ತಿದ್ದುಪಡಿ ಆ ಆಯ್ಕೆಯನ್ನು ನೇರವಾಗಿ ಮತದಾರರಿಗೆ ಒಪ್ಪಿಸಿತು.