ಸಂಬಳ ನಿಮ್ಮದು, ಬೀಗದ ಕೈ ಯಾರದು?

1831ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಅದರ ಸಾರ ಕೇಳಿದರೆ ಈಗ ನಗು ಬರಬಹುದು: ಕೂಲಿಯನ್ನು ದುಡ್ಡಿನಲ್ಲೇ ಕೊಡಬೇಕು. ಇದಕ್ಕೂ ಒಂದು ಕಾನೂನು ಬೇಕಿತ್ತಾ? ಬೇಕಿತ್ತು. ಅಲ್ಲಿನ ಎಷ್ಟೋ ಗಣಿಗಳಲ್ಲಿ, ಕಬ್ಬಿಣದ ಕಾರ್ಖಾನೆಗಳಲ್ಲಿ ದುಡಿದವರ ಕೈಗೆ ಬರುತ್ತಿದ್ದದ್ದು ನಾಣ್ಯ ಅಲ್ಲ. ಹಿಟ್ಟು, ಬಟ್ಟೆ, ಇಲ್ಲದಿದ್ದರೆ ಮಾಲೀಕನದೇ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿ. ಅವನು ಹೇಳಿದ್ದೇ ರೇಟು, ಅವನು ತೂಗಿದ್ದೇ ತೂಕ. ಇದಕ್ಕೆ ‘ಟ್ರಕ್’ ಪದ್ಧತಿ ಅಂತ ಹೆಸರು. ಲಾರಿಗೂ ಇದಕ್ಕೂ ಸಂಬಂಧ ಇಲ್ಲ, ವಿನಿಮಯ ಅನ್ನೋ ಅರ್ಥದ ಹಳೇ ಫ್ರೆಂಚ್ ಪದದಿಂದ ಬಂದದ್ದು. ಹಾಗಾಗಿ ಕಾನೂನಿನ ಹೆಸರೂ ಟ್ರಕ್ ಆ್ಯಕ್ಟ್.

ಅಟ್ಲಾಂಟಿಕ್‌ನ ಆಚೆ ಇದೇ ಕಥೆ ಇನ್ನೂ ನೂರು ವರ್ಷ ನಡೆಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾ, ಕೆಂಟಕಿಯ ಕಲ್ಲಿದ್ದಲು ಗಣಿ ಕಂಪನಿಗಳು ತಮ್ಮ ಹೆಸರು ಒತ್ತಿದ ಲೋಹದ ಬಿಲ್ಲೆಗಳನ್ನು ಹೊರಡಿಸುತ್ತಿದ್ದವು. ಅದನ್ನು ‘ಸ್ಕ್ರಿಪ್’ ಅಂತಿದ್ದರು. ಸಂಬಳದ ದಿನಕ್ಕೆ ಮುಂಚೆ ಮನೇಲಿ ಅಕ್ಕಿ ಬೇಳೆ ಮುಗಿದರೆ ಕಾರ್ಮಿಕ ಕಂಪನಿ ಆಫೀಸಿಗೆ ಹೋಗಿ ಮುಂಗಡ ಅಂತ ಬಿಲ್ಲೆ ತರುತ್ತಿದ್ದ. ಕಂಪನಿಯ ಅಂಗಡಿಯಲ್ಲಿ ಅದು ಪೂರ್ತಿ ಒಂದು ಡಾಲರ್. ಹೊರಗಿನ ವ್ಯಾಪಾರಿ ತಗೊಂಡರೂ ಒಂದಿಷ್ಟು ಮುರಿದುಕೊಂಡೇ ತಗೊಳ್ಳುತ್ತಿದ್ದ.

ಆ ಮುರಿದುಕೊಂಡ ಕಾಸಿನಲ್ಲೇ ಇಡೀ ವಿಷಯ ಇದೆ. ನಗದಿನ ದೊಡ್ಡ ಗುಣ ಅಂದರೆ ಅದು ಯಾರ ಕೈಯಿಂದ ಬಂತು, ಯಾವ ಅಂಗಡಿಗೆ ಹೋಗುತ್ತೆ ಅಂತ ಕೇಳುವುದಿಲ್ಲ. ನೂರರ ನೋಟು ಕೊಟ್ಟರೆ ನೂರು ರೂಪಾಯಿಯ ಸಾಮಾನು. ನಡುವೆ ಬಾಗಿಲು ಕಾಯುವವನಿಲ್ಲ, ಅವನಿಗೆ ಕೊಡಬೇಕಾದ ಕಾಸೂ ಇಲ್ಲ.

ನಮ್ಮಲ್ಲೂ 1936ರ ವೇತನ ಪಾವತಿ ಕಾಯ್ದೆ ಇದನ್ನೇ ಹೇಳಿತು: ಸಂಬಳ ಚಲಾವಣೆಯಲ್ಲಿರುವ ನಾಣ್ಯ ಅಥವಾ ನೋಟಿನಲ್ಲೇ ಇರಬೇಕು. ಕಾರ್ಮಿಕ ಬರೆದು ಒಪ್ಪಿಗೆ ಕೊಟ್ಟರೆ ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕ ಕೊಡಬಹುದು ಅನ್ನೋದು ಸೇರಿದ್ದು 1970ರ ದಶಕದಲ್ಲಿ. ಆ ಒಪ್ಪಿಗೆ ಪತ್ರದ ಷರತ್ತು ಹೋಗಿದ್ದು ನೋಟು ರದ್ದತಿ ಆದ ಮೇಲೆ, 2017ರ ತಿದ್ದುಪಡಿಯಲ್ಲಿ. ಬ್ರಿಟನ್ನಿನಲ್ಲಂತೂ ಟ್ರಕ್ ಕಾಯ್ದೆಗಳು 1986ರಲ್ಲೇ ರದ್ದಾದವು. ಹಳೇ ಭೂತ ಹೋಯಿತು ಅಂತ ಎಲ್ಲರೂ ಅಂದುಕೊಂಡರು.

ಭೂತ ಹೋಗಿರಲಿಲ್ಲ, ಪ್ಲಾಸ್ಟಿಕ್ಕಿನ ಅಂಗಿ ಹಾಕಿಕೊಂಡಿತ್ತು. 2013ರಲ್ಲಿ ಪೆನ್ಸಿಲ್ವೇನಿಯಾದ ಮೆಕ್‌ಡೊನಾಲ್ಡ್ಸ್ ಫ್ರಾಂಚೈಸಿಯೊಂದರ ಮೇಲೆ ಅಲ್ಲಿನ ಕೆಲಸಗಾರರು ಕೇಸು ಹಾಕಿದರು. ಅವರಿಗೆ ಸಂಬಳ ಬರುತ್ತಿದ್ದದ್ದು ಪ್ರಿಪೇಯ್ಡ್ ಡೆಬಿಟ್ ಕಾರ್ಡಿನಲ್ಲಿ. ಎಟಿಎಂನಿಂದ ದುಡ್ಡು ತೆಗೆದರೆ ಒಂದೂವರೆ ಡಾಲರ್, ಬ್ಯಾಂಕ್ ಕೌಂಟರಿನಲ್ಲಿ ತೆಗೆದರೆ 5 ಡಾಲರ್, ಬ್ಯಾಲೆನ್ಸ್ ನೋಡಿದ್ದಕ್ಕೇ 1 ಡಾಲರ್. ಆ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅಂದರೆ ತನ್ನದೇ ಸಂಬಳವನ್ನು ಕೌಂಟರಿನಲ್ಲಿ ಒಂದು ಸಲ ತಗೊಳ್ಳೋಕೆ ಸುಮಾರು 40 ನಿಮಿಷದ ದುಡಿಮೆ ಕೊಡಬೇಕು. ವೆಸ್ಟ್ ವರ್ಜೀನಿಯಾದ ವ್ಯಾಪಾರಿ ಬಿಲ್ಲೆಯಲ್ಲಿ ಮುರಿದುಕೊಂಡ ಕಾಸಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಆ ರಾಜ್ಯದ ಹಳೇ ಕಾನೂನು ಸಂಬಳವನ್ನು ಅಧಿಕೃತ ಹಣದಲ್ಲಿ ಅಥವಾ ಚೆಕ್ಕಿನಲ್ಲಿ ಕೊಡಬೇಕು ಅಂತಿತ್ತು. ಬೇರೆ ದಾರಿಯನ್ನೇ ಕೊಡದೆ ಹೇರಿದ ಈ ಕಾರ್ಡು ಎರಡೂ ಅಲ್ಲ ಅಂತ 2016ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದೇ ವರ್ಷ ಹೊಸ ಕಾನೂನೂ ಬಂತು. ಕಾರ್ಡು ಕೊಡಬಹುದು, ಆದರೆ ಬೇಕೋ ಬೇಡವೋ ಅನ್ನೋದು ಕೆಲಸಗಾರರ ಆಯ್ಕೆ.

ಕಾರ್ಡಿನ ಪರವಾಗಿಯೂ ಮಾತಿದೆ, ಅದನ್ನು ಮುಚ್ಚಿಡಬಾರದು. ನಗದು ಕಳೆದರೆ ಕಳೆದಂತೆಯೇ, ಕಾರ್ಡನ್ನಾದರೆ ಬ್ಲಾಕ್ ಮಾಡಿಸಬಹುದು. ಅಮೆರಿಕದಲ್ಲಿ ಬ್ಯಾಂಕ್ ಖಾತೆ ಇಲ್ಲದವರು ಸಂಬಳದ ಚೆಕ್ಕನ್ನು ನಗದು ಮಾಡಿಸೋಕೆ ಅಂಗಡಿಗೆ ಕಮಿಷನ್ ಕೊಡಬೇಕಾಗಿತ್ತು. ಅಂಥವರಿಗೆ ಕಾರ್ಡು ಅನುಕೂಲವೇ ಆಯಿತು. ಆದರೆ ಬೀಗದ ಕೈ ಬೇರೆಯವರ ಹತ್ತಿರ ಇದ್ದರೆ ಏನಾಗುತ್ತೆ ಅನ್ನೋದು 2015ರ ಅಕ್ಟೋಬರಿನಲ್ಲಿ ಗೊತ್ತಾಯಿತು. ರಷ್‌ಕಾರ್ಡ್ ಅನ್ನೋ ಪ್ರಿಪೇಯ್ಡ್ ಕಾರ್ಡ್ ಕಂಪನಿ ತನ್ನ ವ್ಯವಸ್ಥೆಯನ್ನು ಬೇರೆ ಪ್ರೊಸೆಸರ್‌ಗೆ ಬದಲಾಯಿಸುವಾಗ ಎಡವಟ್ಟಾಗಿ, ಸಾವಿರಾರು ಜನರಿಗೆ ಅವರ ದುಡ್ಡು ದಿನಗಟ್ಟಲೆ ಸಿಗಲಿಲ್ಲ. ಸಂಬಳ, ಸರ್ಕಾರಿ ನೆರವು ಎಲ್ಲ ಅದರಲ್ಲೇ ಇತ್ತು. ಬಾಡಿಗೆ, ಮಗುವಿನ ಹಾಲು, ಔಷಧಿ ಯಾವುದೂ ಸರ್ವರ್ ಸರಿಹೋಗಲಿ ಅಂತ ಕಾಯೋದಿಲ್ಲ. 2017ರಲ್ಲಿ ಅಮೆರಿಕದ ಗ್ರಾಹಕ ಸಂರಕ್ಷಣಾ ಸಂಸ್ಥೆ ಆ ಕಂಪನಿ ಮತ್ತು ಮಾಸ್ಟರ್‌ಕಾರ್ಡ್‌ಗೆ ಒಟ್ಟು 1.3 ಕೋಟಿ ಡಾಲರ್ ಕಟ್ಟಲು ಹೇಳಿತು. ಅದರಲ್ಲಿ 1 ಕೋಟಿ ಗ್ರಾಹಕರಿಗೆ ಪರಿಹಾರ. ಪರಿಹಾರ ಬಂತು ನಿಜ, ಆದರೆ ಆ ತಿಂಗಳ ಬಾಡಿಗೆ ಕಟ್ಟೋ ದಿನ ಕಳೆದು ವರ್ಷದ ಮೇಲಾಗಿತ್ತು.

ಈಗ ನಮ್ಮ ಜೇಬಿಗೆ ಬನ್ನಿ. ಆಫೀಸಿನ ಮೀಲ್ ಕಾರ್ಡು ತೆರಿಗೆ ಉಳಿಸುತ್ತೆ, ಸರಿ. ಆದರೆ ಆ ದುಡ್ಡಿನಲ್ಲಿ ಊಟ ಕೊಳ್ಳಬಹುದೇ ಹೊರತು ಊರಿಗೆ ಹೋಗೋ ಬಸ್ ಟಿಕೆಟ್ ಕೊಳ್ಳೋಕಾಗಲ್ಲ, ಎಟಿಎಂನಲ್ಲಿ ನೋಟೂ ಬರಲ್ಲ. ಪ್ರಿಪೇಯ್ಡ್ ಕಾರ್ಡು, ವಾಲೆಟ್‌ಗಳಲ್ಲಿ ಕೂತ ಬ್ಯಾಲೆನ್ಸ್‌ಗೆ ಬಡ್ಡಿ ಕೊಡುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ನಮ್ಮಂಥವರಿಗೆ ಇದೆಲ್ಲ ಸಣ್ಣ ಕಿರಿಕಿರಿ, ಯಾಕೆಂದರೆ ಸಂಬಳದ ಮುಕ್ಕಾಲು ಪಾಲು ಬೇರೆ ಖಾತೆಗೆ ಬಿದ್ದಿರುತ್ತೆ. ಇಡೀ ಸಂಬಳ ಒಂದೇ ಕಾರ್ಡಿನಲ್ಲಿ ಬರುವವನಿಗೆ, ‘ಬೇಡ’ ಅಂದರೆ ಕೆಲಸವೇ ಹೋಗುವವನಿಗೆ, ಅದು ಕಿರಿಕಿರಿ ಅಲ್ಲ.

ಹಾಗಾಗಿ ನಾಳೆ ಎಚ್‌ಆರ್‌ನಿಂದ ಹೊಸ ಕಾರ್ಡಿನ ಮೇಲ್ ಬಂದರೆ ಮೂರು ಪ್ರಶ್ನೆ ಕೇಳಿ. ಇದು ಎಲ್ಲೆಲ್ಲಿ ನಡೆಯುತ್ತೆ? ನಗದು ಮಾಡಿಸೋಕೆ ಎಷ್ಟು ಹಿಡಿದುಕೊಳ್ಳುತ್ತಾರೆ? ಬೇಡ ಅನ್ನೋ ಆಯ್ಕೆ ಇದೆಯಾ? ನಿಮಗಾಗಿ ಕೇಳದಿದ್ದರೂ ನಿಮ್ಮ ಆಫೀಸಿನ ಹೌಸ್‌ಕೀಪಿಂಗ್‌ನವರ ಪರವಾಗಿ, ಸೆಕ್ಯೂರಿಟಿಯವರ ಪರವಾಗಿ ಕೇಳಿ. 1831ರಲ್ಲಿ ಕಾನೂನು ಬಂದದ್ದೂ ತಾವಾಗಿ ಕೇಳೋಕೆ ಆಗದಿದ್ದವರಿಗಾಗಿಯೇ.